ಇಂಜಿನ್ನಿಗೆ ಬರುವ ಚಳಿಜ್ವರ: ಹಳೇ ಗಾಡಿಗಳ ವೈರಿಂಗಿನ ಚರಿತ್ರೆ

ಷೇರು ಬಂಡವಾಳ, ಸಾಲ ವಸೂಲಾತಿ, ಗೊಬ್ಬರದ ಗೋದಾಮು ಇವೆಲ್ಲದರ ಲೆಕ್ಕ ಈ ಸ್ಮರಣ ಸಂಚಿಕೆಯ ಕಾರ್ಯದರ್ಶಿಗಳ ವರದಿಯಲ್ಲಿ ಬಂದಿದೆ. ಅಧ್ಯಕ್ಷರು ಸಂಘ ಕಟ್ಟಿದ ಹಿರಿಯರನ್ನು ನೆನೆದು ಬರೆದಿದ್ದಾರೆ. ನಿರ್ದೇಶಕರಾದ ನೀವೂ ಏನಾದರೂ ಬರೆದುಕೊಡಿ ಎಂದು ಸಂಚಿಕೆ ಸಮಿತಿಯವರು ಕೇಳಿದಾಗ ನಾವು ಬೇರೊಂದು ಚರಿತ್ರೆ ಬರೆಯುತ್ತೇವೆ ಎಂದು ಒಪ್ಪಿಕೊಂಡೆವು. ಅದು ನಮ್ಮ ಸದಸ್ಯ ಬಾಂಧವರ ಮನೆ ಮುಂದೆ, ಕೊಟ್ಟಿಗೆ ಪಕ್ಕದಲ್ಲಿ ನಿಂತಿರುವ ಹಳೇ ಟ್ರ್ಯಾಕ್ಟರು, ಜೀಪು, ಅಂಬಾಸಿಡರ್ ಕಾರುಗಳ ವೈರಿಂಗಿನ ಚರಿತ್ರೆ. ರಜತ ಮಹೋತ್ಸವಕ್ಕೆ ಇದೆಂಥಾ ವಿಷಯ ಅಂತ ನಗುವವರು ನಗಬಹುದು. ಸಾಲ ತೆಗೆದು ಕೊಂಡ ಗಾಡಿ ನಾಟಿ ಸಮಯದಲ್ಲಿ ಕೆಸರು ಗದ್ದೆ ಮಧ್ಯೆ ನಿಂತುಬಿಟ್ಟಾಗ ಯಾರೂ ನಗುವುದಿಲ್ಲ. ನಾಲೆ ನೀರಿನ ಸರದಿ ಕಾಯುವುದಿಲ್ಲ, ಸಾಲದ ಕಂತೂ ಕಾಯುವುದಿಲ್ಲ.

ಪೂರ್ತಿ ಕೆಟ್ಟು ನಿಂತ ಗಾಡಿ ರಿಪೇರಿ ಮಾಡೋದು ಸುಲಭ. ಕೆಟ್ಟ ಸಾಮಾನು ಕಣ್ಣಿಗೆ ಕಾಣುತ್ತೆ, ಬದಲಾಯಿಸಿದರೆ ಮುಗೀತು. ಕಷ್ಟ ಇರೋದು ಬಂದು ಹೋಗುವ ತೊಂದರೆಯಲ್ಲಿ. ನಾಲೆ ಬಯಲಿನ ನಮ್ಮ ಹಿರಿಯರಿಗೆ ದಿನ ಬಿಟ್ಟು ದಿನ ಬರುವ ಚಳಿಜ್ವರ ಚೆನ್ನಾಗಿ ಗೊತ್ತಿತ್ತು. ಗಡಗಡ ನಡುಗಿಸಿ, ಮೈ ಸುಟ್ಟು, ಬೆವರು ಬಿಟ್ಟು ಜ್ವರ ಇಳಿದ ಮೇಲೆ ಅದೇ ಮನುಷ್ಯ ಎದ್ದು ಗದ್ದೆಗೆ ಹೋಗುತ್ತಿದ್ದ. ಡಾಕ್ಟರ ಹತ್ತಿರ ಕರೆದುಕೊಂಡು ಹೋದ ದಿನ ಮೈ ತಣ್ಣಗಿರುತ್ತಿತ್ತು. ಹಳೇ ಗಾಡಿಯ ವೈರಿಂಗ್ ಕಾಯಿಲೆಯೂ ಹಾಗೇ. ಗದ್ದೆಯಲ್ಲಿ ನಿಂತ ಟ್ರ್ಯಾಕ್ಟರು ಮೆಕ್ಯಾನಿಕ್ ಬರುವ ಹೊತ್ತಿಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ. ಅವರಾದರೂ ಏನು ಹೇಳಬೇಕು? "ಬ್ಯಾಟ್ರಿ ವೀಕ್ ಇರಬೇಕು ಗೌಡ್ರೇ, ಹೊಸದು ಹಾಕಿಸಿ" ಅಂತಾರೆ. ಬ್ಯಾಟರಿ ಬದಲಾಗುತ್ತೆ, ಜ್ವರ ಹೋಗಲ್ಲ.

ಈ ಜ್ವರ ಗಾಡಿಗೆ ಹೇಗೆ ಅಂಟಿಕೊಂಡಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಜರ್ಮನಿಯ ಕಾರ್ಲ್ ಬೆಂಜ್ ಅವರು 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ಗಾಡಿಯಲ್ಲಿ ಪೆಟ್ರೋಲಿಗೆ ಕಿಡಿ ಹಚ್ಚಲು ಒಂದು ಬ್ಯಾಟರಿ, ಒಂದು ಕಾಯಿಲು ಇತ್ತು, ವೈರು ಅಂತ ಇದ್ದದ್ದು ಅಷ್ಟೇ. ಬ್ಯಾಟರಿಗೆ ಚಾರ್ಜ್ ತುಂಬಲು ಡೈನಮೋ ಇರಲಿಲ್ಲ. ಬ್ಯಾಟರಿ ಮುಗಿದರೆ ಪ್ರಯಾಣವೂ ಮುಗಿಯಿತು. ಈ ಹಂಗೇ ಬೇಡ ಎಂದು ಬಂದದ್ದು ಮ್ಯಾಗ್ನೆಟೋ. ರಾಬರ್ಟ್ ಬಾಷ್ ಅವರ ಸ್ಟುಟ್‌ಗಾರ್ಟ್ ಕಾರ್ಖಾನೆಯವರು 1897ರಲ್ಲಿ ಮ್ಯಾಗ್ನೆಟೋವನ್ನು ಮೋಟಾರು ಗಾಡಿಗೆ ಕೂರಿಸಿದರು. 1902ರಲ್ಲಿ ಅವರ ಇಂಜಿನಿಯರ್ ಗಾಟ್ಲೋಬ್ ಹೋನೋಲ್ಡ್ ಹೈ ವೋಲ್ಟೇಜ್ ಮ್ಯಾಗ್ನೆಟೋವನ್ನೂ ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ಗನ್ನೂ ಮಾಡಿದರು. ಇಂಜಿನ್ ತಿರುಗಿದರೆ ಸಾಕು, ಅಯಸ್ಕಾಂತದ ಬಲದಿಂದ ಕರೆಂಟು ಅಲ್ಲೇ ಹುಟ್ಟಿ ಅಲ್ಲೇ ಕಿಡಿಯಾಗುತ್ತೆ. ಪಿಸ್ಟನ್ ಇಂಜಿನ್ ಇರುವ ಸಣ್ಣ ವಿಮಾನಗಳಲ್ಲಿ ಇಂದಿಗೂ ಮ್ಯಾಗ್ನೆಟೋ ಇದೆ, ಬ್ಯಾಟರಿ ಸತ್ತರೂ ಇಂಜಿನ್ ಸಾಯಬಾರದು ಅಂತ. ಇದೇ ಬಾಷ್ ಸಹಯೋಗದಲ್ಲಿ 1951ರಲ್ಲಿ ಹುಟ್ಟಿ, ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಹಾಕಿದ್ದು ಮೈಕೋ. ಮೈಕೋ ಪ್ಲಗ್ಗು, ಮೈಕೋ ಪಂಪು ಎಂಬ ಮಾತು ಕೇಳದ ರೈತ ನಮ್ಮ ಕಡೆ ಇಲ್ಲ. 2008ರಲ್ಲಿ ಆ ಕಂಪನಿಯ ಹೆಸರೇ ಬಾಷ್ ಎಂದಾಯಿತು.

ಮ್ಯಾಗ್ನೆಟೋಗೆ ವೈರು ಕಡಿಮೆ ಅಂದೆವು. ಆದರೆ ಇರುವ ಒಂದು ವೈರಿನಲ್ಲೇ ಒಂದು ಕಿತಾಪತಿ ಇದೆ. ಮ್ಯಾಗ್ನೆಟೋ ಇಂಜಿನ್ ನಿಲ್ಲಿಸಬೇಕಾದರೆ ಕರೆಂಟನ್ನು ಕಡಿಯುವುದಿಲ್ಲ, ಬಾಡಿಗೆ ತಾಗಿಸಿ ಅರ್ತ್ ಮಾಡುತ್ತಾರೆ. ಸ್ಟಾಪ್ ಬಟನ್ನಿನ ಕೆಲಸ ಅದೇ. ಹಾಗಾಗಿ ಆ ಬಟನ್ನಿನಿಂದ ಬರುವ ವೈರು ಎಲ್ಲಾದರೂ ಉಜ್ಜಿ ಸಿಪ್ಪೆ ಸುಲಿದು ಕಬ್ಬಿಣಕ್ಕೆ ತಾಗಿದರೆ, ನೀವು ಒತ್ತದೇ ಬಟನ್ ಒತ್ತಿದ ಹಾಗಾಯಿತು. ಅದುರಿದಾಗ ತಾಗುತ್ತೆ, ಇಂಜಿನ್ ನಿಲ್ಲುತ್ತೆ. ನಿಂತ ಮೇಲೆ ಅದುರುವುದಿಲ್ಲ, ತಾಗುವುದೂ ಇಲ್ಲ, ಹಗ್ಗ ಎಳೆದರೆ ಮತ್ತೆ ಸ್ಟಾರ್ಟು. ಹಿಂದಿನ ಪೆಟ್ರೋಲ್-ಸೀಮೆಎಣ್ಣೆ ಪಂಪುಗಳಲ್ಲಿ ಇದು ಸಾಮಾನ್ಯವಾಗಿತ್ತು. ಈಗ ನಾವು ಹೆಗಲಿಗೆ ಹಾಕಿಕೊಳ್ಳುವ ಕಳೆ ಕೊಚ್ಚುವ ಮಿಷನ್ನು, ಪವರ್ ಸ್ಪ್ರೇಯರುಗಳಲ್ಲೂ ಇದೇ ಲೆಕ್ಕ. ಕಾರ್ಬುರೇಟರ್ ಬಿಚ್ಚುವ ಮೊದಲು ಆ ಒಂದು ವೈರನ್ನು ಬೆರಳಲ್ಲಿ ತಡವಿ ನೋಡಿ.

ವೈರು ಹೆಚ್ಚಾಗಲು ಕಾರಣ ಮನುಷ್ಯನ ಮಣಿಕಟ್ಟು. ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡುವ ಕಾಲದಲ್ಲಿ ಇಂಜಿನ್ ವಾಪಸ್ ಒದ್ದರೆ ಕೈ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಮಾಡಿದ ಎಲೆಕ್ಟ್ರಿಕ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ನಾವು 'ಸೆಲ್ಫು' ಅನ್ನುವುದು ಅದನ್ನೇ. ಸೆಲ್ಫ್ ಬಂದ ಮೇಲೆ ದೊಡ್ಡ ಬ್ಯಾಟರಿ ಬೇಕಾಯಿತು, ಬ್ಯಾಟರಿ ತುಂಬಲು ಡೈನಮೋ ಬೇಕಾಯಿತು, ಡೈನಮೋವನ್ನು ಹದ್ದುಬಸ್ತಿನಲ್ಲಿಡಲು ಕಟೌಟು ಬೇಕಾಯಿತು. ಬ್ಯಾಟರಿ ಹೇಗಿದ್ದರೂ ಇದೆಯಲ್ಲ ಅಂತ ಲೈಟು, ಹಾರನ್ನು, ಮೀಟರುಗಳು ಬಂದವು. ಒಂದು ಸೌಕರ್ಯಕ್ಕೆ ನಾಲ್ಕು ಜೋಡಣೆ. ಜೋಡಣೆ ಇರುವ ಕಡೆಯಲ್ಲೆಲ್ಲ ಮುಂದೊಂದು ದಿನ ಲೂಸ್ ಆಗುವ ಅವಕಾಶ.

ಇಲ್ಲಿ ಒಂದು ವಿಷಯ ನಮ್ಮ ಸದಸ್ಯರು ಗಮನಿಸಬೇಕು. ಮನೆಯಲ್ಲಿ ಬಲ್ಬಿಗೆ ಎರಡು ವೈರು ಹೋಗುತ್ತೆ. ಗಾಡಿಯಲ್ಲಿ ಒಂದೇ ವೈರು. ತಾಮ್ರ ಉಳಿಸಬೇಕೆಂದು ಗಾಡಿಯ ಕಬ್ಬಿಣದ ಮೈಯನ್ನೇ ಎರಡನೇ ವೈರಾಗಿ ಬಳಸುತ್ತಾರೆ. ಬ್ಯಾಟರಿಯಿಂದ ಹೊರಟ ಕರೆಂಟು ವೈರಿನಲ್ಲಿ ಹೋಗಿ ಕೆಲಸ ಮಾಡಿ, ಮೈಯಲ್ಲಿ ನಡೆದುಕೊಂಡು ಬ್ಯಾಟರಿಗೆ ವಾಪಸ್ ಬರುತ್ತೆ. ಅಂದರೆ ಅರ್ಧ ದಾರಿ ತಾಮ್ರ, ಅರ್ಧ ದಾರಿ ಕಬ್ಬಿಣ. ನಾವೆಲ್ಲ ಹುಡುಕುವುದು ತಾಮ್ರದ ಅರ್ಧದಲ್ಲಿ ಮಾತ್ರ. ಬಣ್ಣದ ವೈರು ಕಣ್ಣಿಗೆ ಕಾಣುತ್ತಲ್ಲ! ಕಬ್ಬಿಣದ ಅರ್ಧದಲ್ಲಿ ತುಕ್ಕು, ಪೇಂಟು, ಕೆಸರು, ರಬ್ಬರು ಎಲ್ಲ ಅಡ್ಡ ಬರುತ್ತೆ. ಬಂದು ಹೋಗುವ ಜ್ವರದ ಗೂಡು ಬಹಳ ಸಲ ಅಲ್ಲೇ ಇರುತ್ತೆ.

ಕಾರು, ಜೀಪಿನಲ್ಲಿ ಇಂಜಿನ್ನು ರಬ್ಬರ್ ಬುಷ್ಷಿನ ಮೇಲೆ ಕೂತಿರುತ್ತೆ. ರಬ್ಬರಿನಲ್ಲಿ ಕರೆಂಟು ಹೋಗಲ್ಲ. ಅದಕ್ಕೇ ಇಂಜಿನ್ನಿಂದ ಚಾಸಿಗೆ ಒಂದು ಹೆಣೆದ ತಾಮ್ರದ ಪಟ್ಟಿ ಹಾಕಿರುತ್ತಾರೆ. ಇಂಜಿನ್ ಇಳಿಸಿದಾಗ ಆ ಪಟ್ಟಿ ಹಾಕುವುದನ್ನು ಯಾರಾದರೂ ಮರೆತರೆ ಸೆಲ್ಫಿನ ಕರೆಂಟು ಬೇರೆ ದಾರಿ ಹುಡುಕುತ್ತೆ. ಆಕ್ಸಿಲರೇಟರ್ ಕೇಬಲ್ಲಿನಲ್ಲೋ ಚೋಕಿನ ಕೇಬಲ್ಲಿನಲ್ಲೋ ನುಗ್ಗುತ್ತೆ. ಸೆಲ್ಫ್ ಒತ್ತಿದಾಗ ಕೇಬಲ್ ಬಿಸಿಯಾಗಿ ಹೊಗೆ ಬಂದರೆ ದೆವ್ವ ಅಲ್ಲ, ಅರ್ತ್ ಪಟ್ಟಿ ಇಲ್ಲ ಅಂತ ಅರ್ಥ. ಟ್ರ್ಯಾಕ್ಟರಿನ ಕಥೆ ಬೇರೆ. 1917ರ ಫೋರ್ಡ್‌ಸನ್ ಕಾಲದಿಂದ ಇಂಜಿನ್ನು, ಗೇರ್ ಬಾಕ್ಸು, ಹಿಂದಿನ ಆಕ್ಸಲ್ಲು ಒಂದಕ್ಕೊಂದು ಬೋಲ್ಟ್ ಆಗಿ ಅದೇ ಬೆನ್ನೆಲುಬಾಗಿರುವ ಕಟ್ಟಡ ಬಂತು. ಹಾಗಾಗಿ ಮುಖ್ಯ ಮೈಯಲ್ಲಿ ಅರ್ತ್ ಗಟ್ಟಿ. ಆದರೆ ಡ್ಯಾಷ್ ಬೋರ್ಡು, ಬಾನೆಟ್ಟು, ಮಡ್‌ಗಾರ್ಡು ಇವೆಲ್ಲ ಪೇಂಟ್ ಹೊಡೆದ ತಗಡು. ಹಳೇ ಗಾಡಿಗೆ ಪ್ರೀತಿಯಿಂದ ಹೊಸ ಪೇಂಟ್ ಹೊಡೆಸಿದ ವಾರಕ್ಕೇ ಲೈಟು ಮಿಣುಕಲು ಶುರುವಾಗುವುದು ಇದರಿಂದಲೇ. ಬೋಲ್ಟಿನ ಕೆಳಗೂ ಪೇಂಟ್ ಕೂತಿರುತ್ತೆ.

ನಮ್ಮ ದೇಶದ ರಸ್ತೆಗೆ ಈ ಗಾಡಿಗಳು ಬಂದ ಬಗೆಯನ್ನು ಎರಡು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇವೆ. ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪು ಜೋಡಿಸಲು ಆರಂಭಿಸಿತು. 1959ರಲ್ಲಿ ಫರೀದಾಬಾದಿನಲ್ಲಿ ಐಷರ್ ಟ್ರ್ಯಾಕ್ಟರು ತಯಾರಾಯಿತು. ನಂತರ ಮದ್ರಾಸಿನ ಟಾಫೆಯ ಮ್ಯಾಸಿ ಫರ್ಗ್ಯುಸನ್, 1971ರಲ್ಲಿ ಪಿಂಜೋರಿನಿಂದ ಜೆಟರ್ ಸಹಯೋಗದ ಎಚ್.ಎಂ.ಟಿ. ಬಂದವು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಬಂದ ಅಂಬಾಸಿಡರು 2014ರವರೆಗೆ ತಯಾರಾಯಿತು. ಇವುಗಳ ಸೆಲ್ಫು, ಡೈನಮೋಗೆ ಬೇಕಾದ ಲೂಕಾಸ್ ಟಿ.ವಿ.ಎಸ್. ಕಾರ್ಖಾನೆ ಶುರುವಾದದ್ದು 1961ರಲ್ಲಿ. ಇದರ ಮೂಲ ಕಂಪನಿ, ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲೂಕಾಸ್ ಕಂಪನಿಯನ್ನು ಇಂಗ್ಲಿಷರೇ ತಮಾಷೆಗೆ 'ಕತ್ತಲೆಯ ರಾಜಕುಮಾರ' ಎಂದು ಕರೆಯುತ್ತಿದ್ದರು, ನಡುದಾರಿಯಲ್ಲಿ ಲೈಟು ಹೋಗುತ್ತಿತ್ತು ಅಂತ. ನಮ್ಮ ಅಭಿಪ್ರಾಯದಲ್ಲಿ ಆ ಬೈಗುಳ ಪೂರ್ತಿ ನ್ಯಾಯವಲ್ಲ. ಹಿತ್ತಾಳೆ ಗುಂಡಿನಂಥ ತುದಿಯನ್ನು ಕೊಳವೆಗೆ ತೂರಿಸುವ ಅವರ ಜೋಡಣೆಯೊಳಗೆ ನೀರು ಹೋಗಿ ಕಿಲುಬು ಹಿಡಿಯುತ್ತಿತ್ತು. ಸಾಮಾನು ಚೆನ್ನಾಗೇ ಇತ್ತು, ಜೋಡಣೆ ಕೆಡುತ್ತಿತ್ತು.

ಲೂಕಾಸಿನವರು ಮತ್ತು ಬ್ರಿಟಿಷ್ ಕಾರು ಕಂಪನಿಗಳು ಒಂದು ಉಪಕಾರ ಮಾಡಿ ಹೋಗಿದ್ದಾರೆ. ವೈರಿನ ಬಣ್ಣಕ್ಕೆ ಒಂದು ಭಾಷೆ ಕೊಟ್ಟರು. ಕಂದು ಬಣ್ಣ ಬ್ಯಾಟರಿಯಿಂದ ನೇರ ಬಂದದ್ದು, ಕೀ ತೆಗೆದರೂ ಕರೆಂಟು ಇರುತ್ತೆ. ಬಿಳಿ ಕೀ ಹಾಕಿದಾಗ ಮಾತ್ರ. ಹಸಿರು, ಕೀ ಹಾಕಿದಾಗ ಫ್ಯೂಸ್ ದಾಟಿ ಬಂದದ್ದು. ನೀಲಿ ಹೆಡ್‌ಲೈಟಿಗೆ, ಕೆಂಪು ಹಿಂದಿನ ಮತ್ತು ಸಣ್ಣ ಲೈಟಿಗೆ, ಕಪ್ಪು ಅರ್ತಿಗೆ. ಅಂಬಾಸಿಡರಿನಂಥ ಬ್ರಿಟಿಷ್ ಮೂಲದ ಗಾಡಿಯಲ್ಲಿ ಕಂಪನಿ ವೈರು ಉಳಿದಿದ್ದರೆ ಈ ಭಾಷೆ ಓದಬಹುದು. ನಡುವೆ ಯಾರೋ ಸಿಕ್ಕಿದ ಬಣ್ಣದ ವೈರು ಸೇರಿಸಿದ್ದರೆ ದೇವರೇ ಗತಿ. ಇನ್ನೊಂದು ಮಾತು: ಹಳೇ ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ಕಡೆಯೇ ಬಾಡಿಗೆ ಕಟ್ಟಿರುತ್ತಿತ್ತು. 1960ರ ದಶಕದಲ್ಲಿ ಡೈನಮೋ ಹೋಗಿ ಆಲ್ಟರ್ನೇಟರ್ ಬರುವ ಕಾಲಕ್ಕೆ ನೆಗೆಟಿವ್ ಅರ್ತ್ ರೂಢಿಯಾಯಿತು. ಬ್ಯಾಟರಿ ತಿರುಗಾಮುರುಗಾ ಕಟ್ಟಿದರೆ ಆಲ್ಟರ್ನೇಟರಿನ ಡಯೋಡು ಕ್ಷಣದಲ್ಲಿ ಸುಡುತ್ತೆ. ಕಟ್ಟುವ ಮೊದಲು ನೋಡಿ ಕಟ್ಟಬೇಕು.

ಇನ್ನು ಎಲ್ಲರೂ ಕೇಳುವ ಒಗಟು. "ಲೈಟು ಝಗಝಗ ಹತ್ತುತ್ತೆ, ಹಾರನ್ ಹೊಡೆಯುತ್ತೆ, ಸೆಲ್ಫ್ ಮಾತ್ರ ಟಕ್ ಅಂತ ಸುಮ್ಮನಾಗುತ್ತೆ. ಬ್ಯಾಟರಿ ಸರಿ ಇದೆಯಲ್ಲ, ಸೆಲ್ಫೇ ಕೆಟ್ಟಿದೆ." ಇದಕ್ಕೆ ಉತ್ತರ ಜರ್ಮನಿಯ ಮೇಷ್ಟ್ರು ಗೇಯಾರ್ಗ್ ಓಮ್ 1827ರಲ್ಲೇ ಬರೆದಿಟ್ಟಿದ್ದಾರೆ. ನಾವು ಎಸ್.ಎಸ್.ಎಲ್.ಸಿ.ಯಲ್ಲಿ ಉರು ಹೊಡೆದ ಓಮ್ ನಿಯಮ ಅದೇ: ಕರೆಂಟನ್ನು ತಡೆಯಿಂದ ಗುಣಿಸಿದರೆ ವೋಲ್ಟು. ಪರೀಕ್ಷೆ ಮುಗಿದ ಮೇಲೆ ಅದು ಗದ್ದೆಯಲ್ಲಿ ಕೆಲಸಕ್ಕೆ ಬರುತ್ತೆ ಅಂತ ಯಾರು ಎಣಿಸಿದ್ದರು? ಕಿಲುಬು ಹಿಡಿದ ಒಂದು ಜೋಡಣೆಯಲ್ಲಿ ಒಂದು ಓಮಿನ ನೂರನೇ ಒಂದು ಭಾಗ ತಡೆ ಇದೆ ಅಂದುಕೊಳ್ಳಿ. 21 ವ್ಯಾಟಿನ ಬಲ್ಬು ಎಳೆಯುವುದು ಎರಡು ಆಂಪಿಯರಿಗಿಂತ ಕಡಿಮೆ. ಆ ಜೋಡಣೆಯಲ್ಲಿ ಅದು ಕಳೆದುಕೊಳ್ಳುವುದು 0.02 ವೋಲ್ಟೂ ಇಲ್ಲ, ಹಾಗಾಗಿ ಝಗಝಗ ಅನ್ನುತ್ತೆ. ಸೆಲ್ಫು 200 ಆಂಪಿಯರ್ ಎಳೆಯಿತು ಅನ್ನಿ, ಅದೇ ಜೋಡಣೆಯಲ್ಲಿ 2 ವೋಲ್ಟು ನುಂಗಿ ಹೋಗುತ್ತೆ. 12ರಲ್ಲಿ 2 ಹೋದರೆ ಡೀಸೆಲ್ ಇಂಜಿನ್ ತಿರುಗಿಸಲು ತಾಕತ್ತು ಸಾಲದು. ಸಣ್ಣ ತೂಬಿನಲ್ಲಿ ಕಸ ಕಟ್ಟಿಕೊಂಡಿದ್ದರೆ ಸಸಿಮಡಿಗೆ ನೀರು ಸಾಕಾಗುತ್ತೆ, ಎರಡೆಕರೆ ಗದ್ದೆಗೆ ಸಾಕಾಗಲ್ಲ, ಅಷ್ಟೇ.

ನಮ್ಮ ಸಂಘದ ಸದಸ್ಯರೊಬ್ಬರ ಮೂರು ಸಿಲಿಂಡರಿನ ಟ್ರ್ಯಾಕ್ಟರಿನಲ್ಲಿ ನಡೆದದ್ದನ್ನು ಹೇಳಬೇಕು. ಹೆಸರು ಬೇಡ, ಓದಿದರೆ ಅವರಿಗೇ ಗೊತ್ತಾಗುತ್ತೆ. ಸೆಕೆಂಡ್ ಹ್ಯಾಂಡ್ ಗಾಡಿ, ಸಾಲದ ಕಂತು ಇನ್ನೂ ಬಾಕಿ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್. ಹತ್ತು ಗಂಟೆವರೆಗೆ ಉತ್ತು, ತಿಂಡಿಗೆ ನಿಲ್ಲಿಸಿದರೆ ಮತ್ತೆ ಟಕ್. ಅರ್ಧ ಗಂಟೆ, ಮುಕ್ಕಾಲು ಗಂಟೆ ಬಿಟ್ಟರೆ ಏನೂ ಆಗಿಲ್ಲವೇನೋ ಅನ್ನುವ ಹಾಗೆ ಸ್ಟಾರ್ಟ್. ಬ್ಯಾಟರಿ ಹೊಸದಾಯಿತು. ಸೆಲ್ಫ್ ಬಿಚ್ಚಿ ಬುಷ್ಷು, ಕಾರ್ಬನ್ನು ಹಾಕಿಸಿದ್ದಾಯಿತು. ಸ್ವಿಚ್ಚು ಬದಲಾಯಿತು. ಬಾಡಿಗೆ ಉಳುಮೆಗೆ ಕರೆಯುತ್ತಿದ್ದವರು ಈ ಗಾಡಿ ನಂಬುವ ಹಾಗಿಲ್ಲ ಅಂತ ಬೇರೆಯವರನ್ನು ಕರೆದರು. ಮನೆಯಲ್ಲಿ ದೃಷ್ಟಿ ತೆಗೆದು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದೂ ಆಯಿತು. ಕೊನೆಗೆ ದಲ್ಲಾಳಿ ಬಂದು ಕಬ್ಬಿಣದ ರೇಟಿಗೆ ಕೇಳಿದ. ಕೊಟ್ಟಿದ್ದರೆ ಗಾಡಿಯೂ ಇಲ್ಲ, ಸಾಲವೂ ತೀರುತ್ತಿರಲಿಲ್ಲ.

ಆಗ ಹೋಬಳಿ ಕೇಂದ್ರದಲ್ಲಿ 'ಸೆಲ್ಫ್, ಡೈನಮೋ, ವೈರಿಂಗ್ ಕೆಲಸ ಮಾಡಲಾಗುವುದು' ಎಂಬ ಬೋರ್ಡಿನ ಸಣ್ಣ ಅಂಗಡಿ ಇಟ್ಟಿದ್ದ ಒಬ್ಬ ಹಿರಿಯರನ್ನು ಕರೆತಂದೆವು. ಅವರು ಬಂದವರೇ ಏನನ್ನೂ ಬಿಚ್ಚಲಿಲ್ಲ. ಗಾಡಿಯನ್ನು ಉಳಲು ಕಳಿಸಿ ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡರು. "ಜ್ವರ ಬಂದಾಗ ನೋಡಬೇಕು ಕಣಪ್ಪ, ಈಗೇನು ನೋಡೋದು" ಅಂದರು. ಗಾಡಿ ಕಾದು, ನಿಲ್ಲಿಸಿ, ಟಕ್ ಅಂದ ಮೇಲೆ ಎದ್ದರು. ಗೇರು ನ್ಯೂಟ್ರಲ್ ಮಾಡಿಸಿ, ಇಂಜಿನ್ ಸ್ಟಾರ್ಟ್ ಆಗದಂತೆ ಸ್ಟಾಪ್ ರಾಡ್ ಎಳೆದು ಹಿಡಿಸಿದರು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಸೀಸದ ಮೇಲೇ ಒತ್ತಿದರು, ಕ್ಲಾಂಪಿನ ಮೇಲಲ್ಲ. ಇನ್ನೊಂದನ್ನು ಇಂಜಿನ್ನಿನ ಬರೀ ಕಬ್ಬಿಣಕ್ಕೆ ಒತ್ತಿ, ಸೆಲ್ಫ್ ಒತ್ತು ಅಂದರು. ಎರಡೂ ಒಂದೇ ಅರ್ತಿನ ಎರಡು ತುದಿ. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಬರಬಾರದು. ಬಂದದ್ದು ಮೂರು ಚಿಲ್ಲರೆ. ಆಮೇಲೆ ಕಡ್ಡಿಯನ್ನು ಗೇಣು ಗೇಣು ಸರಿಸುತ್ತಾ ಬಂದರು. ಅರ್ತ್ ಕೇಬಲ್ಲಿನ ಥಿಂಬಲ್ ದಾಟಿದಾಗ ವೋಲ್ಟು ಕಾಣಿಸಿಕೊಂಡಿತು. ಕಪ್ಪು ಸಿಪ್ಪೆ ಕೊಯ್ದು ನೋಡಿದರೆ ಒಳಗಿನ ತಾಮ್ರದ ಎಳೆಗಳು ಹಸಿರು ಪುಡಿಯಾಗಿವೆ, ನಾಲ್ಕೈದು ಎಳೆ ಮಾತ್ರ ಹಿಡಿದುಕೊಂಡಿವೆ. ತಣ್ಣಗಿದ್ದಾಗ ಅಷ್ಟರಲ್ಲೇ ಹೇಗೋ ನಡೆಯುತ್ತಿತ್ತು. ಬಿಸಿಯಾದಾಗ ತಡೆ ಏರುತ್ತಿತ್ತು, ಕಾದ ಸೆಲ್ಫಿಗೂ ಶ್ರಮ ಜಾಸ್ತಿ, ಟಕ್. ಒಂದು ಮೊಳ ದಪ್ಪ ಕೇಬಲ್ಲು, ಎರಡು ಥಿಂಬಲ್ಲು. ಅದೇ ಗಾಡಿಯಿಂದ ಆ ಸದಸ್ಯರು ಕಂತು ತೀರಿಸಿದರು.

ಮೀಟರ್ ಇಲ್ಲದವರೂ ಒಂದು ಪರೀಕ್ಷೆ ಮಾಡಬಹುದು. ರಾತ್ರಿ ಹೆಡ್‌ಲೈಟ್ ಹಾಕಿ ಸೆಲ್ಫ್ ಒತ್ತಿ, ಗೋಡೆ ಮೇಲಿನ ಬೆಳಕು ನೋಡಿ. ಬೆಳಕು ಹಾಗೇ ಇದ್ದು ಸೆಲ್ಫ್ ಸುಮ್ಮನಿದ್ದರೆ ಕರೆಂಟು ಸೆಲ್ಫಿನತ್ತ ಹೊರಟೇ ಇಲ್ಲ. ಸ್ವಿಚ್ಚು, ಸಾಲಿನಾಯ್ಡು, ಕ್ಲಚ್ಚಿನ ಅಥವಾ ಗೇರಿನ ಹತ್ತಿರದ ಸೇಫ್ಟಿ ಸ್ವಿಚ್ಚು ಇವನ್ನು ನೋಡಬೇಕು. ಬೆಳಕು ಮೆಲ್ಲಗೆ ಕುಗ್ಗಿದರೆ ಬ್ಯಾಟರಿ ಸೋತಿದೆ. ದೀಪ ಆರಿಸಿದ ಹಾಗೆ ಒಮ್ಮೆಲೇ ಹೋದರೆ ಬ್ಯಾಟರಿಯ ಟರ್ಮಿನಲ್ಲೋ ಅರ್ತೋ ಲೂಸು.

ಡಿಜಿಟಲ್ ಮೀಟರು ಈಗ ಹುಡುಗರ ಕೈಯಲ್ಲೆಲ್ಲ ಇದೆ, ಒಳ್ಳೆಯದೇ. ಆದರೆ ಅದನ್ನು ಪೂರ್ತಿ ನಂಬಬಾರದು. ವೈರಿನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ, ಭಾರ ಹೊರಿಸದೆ ನೋಡಿದರೆ ಮೀಟರು 12 ವೋಲ್ಟ್ ಅಂತಲೇ ತೋರಿಸುತ್ತೆ. ಅದೇ ಜಾಗಕ್ಕೆ 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಬೆಸೆದು ತಾಗಿಸಿ, ಬಲ್ಬು ಮಂಕಾಗಿ ಹತ್ತಿದರೆ ಸತ್ಯ ಗೊತ್ತಾಗುತ್ತೆ. ಬಲ್ಬು ಹಚ್ಚಿಕೊಂಡು ವೈರಿಂಗ್ ಕಟ್ಟನ್ನು ಗೇಣು ಗೇಣಾಗಿ ಅಲುಗಾಡಿಸುತ್ತಾ ಹೋದರೆ, ಎಲ್ಲಿ ಮಿಣುಕುತ್ತೋ ಅಲ್ಲಿ ಕಾಯಿಲೆ. ಫ್ಯೂಸು ಆಗಾಗ ಹೋಗುತ್ತಿದ್ದರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವ ಚಾಳಿ ಕೆಲವರಿಗಿದೆ. ಅದು ಗಾಡಿಗೆ ಕೊಳ್ಳಿ ಇಡುವ ಕೆಲಸ. ಫ್ಯೂಸಿನ ಜಾಗದಲ್ಲಿ ಒಂದು ಹೆಡ್‌ಲೈಟ್ ಬಲ್ಬ್ ಸೇರಿಸಿ. ಶಾರ್ಟ್ ಇರುವವರೆಗೆ ಬಲ್ಬು ಜೋರಾಗಿ ಉರಿಯುತ್ತೆ, ವೈರು ಸುಡುವುದಿಲ್ಲ. ಅಲುಗಾಡಿಸಿದಾಗ ಯಾವ ಕಡೆ ಬೆಳಕು ಕುಗ್ಗಿತೋ ಅಲ್ಲೇ ಸಿಪ್ಪೆ ಸುಲಿದಿದೆ.

ಪೆಟ್ರೋಲ್ ಅಂಬಾಸಿಡರ್ ಇಟ್ಟುಕೊಂಡವರಿಗೆ ಒಂದು ಗುಟ್ಟು. ನಿಂತಲ್ಲಿ ಇಂಜಿನ್ ಚೆನ್ನಾಗಿ ಓಡುತ್ತೆ, ಆಕ್ಸಿಲರೇಟರ್ ಒತ್ತಿದ ಕೂಡಲೇ ಕೆಮ್ಮಿ ಸಾಯುತ್ತೆ. ಎಲ್ಲರೂ ಕಾರ್ಬುರೇಟರಿನ ಮೇಲೆ ಬೀಳುತ್ತಾರೆ. ಲೂಕಾಸ್ ಡಿಸ್ಟ್ರಿಬ್ಯೂಟರಿನ ಒಳಗೆ ಪಾಯಿಂಟು ಕೂತಿರುವ ತಟ್ಟೆ, ವೇಗ ಕೊಟ್ಟಾಗ ಇಂಜಿನ್ನಿನ ಗಾಳಿಯೆಳೆತಕ್ಕೆ ಸ್ವಲ್ಪ ತಿರುಗುತ್ತೆ. ಪಾಯಿಂಟಿಗೆ ಹೋಗುವ ಬೆರಳುದ್ದದ ಮೆತ್ತನೆ ವೈರು ಆಗೆಲ್ಲ ಬಾಗುತ್ತೆ. ವರ್ಷಗಟ್ಟಲೆ ಬಾಗಿ ಬಾಗಿ ಒಳಗಿನ ಎಳೆ ತುಂಡಾಗಿರುತ್ತೆ, ಮೇಲಿನ ಸಿಪ್ಪೆ ಹಾಗೇ ಇರುತ್ತೆ. ತಟ್ಟೆ ತಿರುಗಿದಾಗ ಎಳೆ ಬಿಡುತ್ತೆ, ವಾಪಸ್ ಬಂದಾಗ ಕೂಡುತ್ತೆ. ಇನ್ನೊಂದು, ಇಗ್ನಿಷನ್ ಕಾಯಿಲು. ಕಾದಾಗ ಒಳಗಿನ ಸುತ್ತು ಬಿಟ್ಟು ಕಿಡಿ ನಿಲ್ಲುತ್ತೆ, ತಣ್ಣಗಾದರೆ ಬರುತ್ತೆ. ಬೇಸಿಗೆಯಲ್ಲಿ ಪೆಟ್ರೋಲು ಪೈಪಿನಲ್ಲೇ ಆವಿಯಾದಾಗಲೂ ಲಕ್ಷಣ ಇದೇ. ಎರಡನ್ನೂ ಬೇರೆ ಮಾಡಬೇಕಾದರೆ ಗಾಡಿ ನಿಂತ ಆ ನಿಮಿಷದಲ್ಲೇ ಕಿಡಿ ಇದೆಯೋ ಇಲ್ಲವೋ ನೋಡಬೇಕು. ಟೀ ಕುಡಿದು ಬಂದು ನೋಡಿದರೆ ಪ್ರಯೋಜನವಿಲ್ಲ.

ಜೀಪು ಮತ್ತು ಕೆಲವು ಹಳೇ ಟ್ರ್ಯಾಕ್ಟರುಗಳಲ್ಲಿ ಡ್ಯಾಷ್ ಬೋರ್ಡಿನ ಆಂಪ್ ಮೀಟರಿನ ಮೂಲಕವೇ ಸೆಲ್ಫ್ ಬಿಟ್ಟು ಗಾಡಿಯ ಕರೆಂಟೆಲ್ಲ ಹಾದು ಹೋಗುತ್ತೆ. ಅದರ ಹಿಂದಿನ ಎರಡು ನಟ್ಟುಗಳಲ್ಲಿ ಒಂದು ಸಡಿಲವಾದರೂ ಇಡೀ ಗಾಡಿ ಒಮ್ಮೆ ಸತ್ತು ಒಮ್ಮೆ ಬದುಕುತ್ತೆ. ಸಡಿಲ ನಟ್ಟು ಕಾಯುತ್ತೆ, ಬೆಂಕಿಯೂ ಹತ್ತಬಹುದು. ವರ್ಷಕ್ಕೊಮ್ಮೆ ಬ್ಯಾಟರಿ ಕಳಚಿ ಆ ನಟ್ಟು ಬಿಗಿಮಾಡಿ.

ಟ್ರೈಲರಿನ ಹಿಂದಿನ ಲೈಟಿನ ವಿಷಯ ಜೀವದ ಪ್ರಶ್ನೆ. ಕಬ್ಬಿನ ಲೋಡು ರಾತ್ರಿ ಹೊತ್ತು ರಸ್ತೆ ಮೇಲೆ ನಿಂತಾಗ ಅಥವಾ ನಿಧಾನ ಹೋಗುವಾಗ ಹಿಂದೆ ಕೆಂಪು ದೀಪ ಇಲ್ಲದಿದ್ದರೆ ಏನಾಗುತ್ತದೆಂದು ನಮಗೆ ಯಾರೂ ಹೇಳಬೇಕಾಗಿಲ್ಲ. ಹೊರಡುವಾಗ ಹತ್ತುತ್ತಿದ್ದ ಲೈಟು ದಾರಿಯಲ್ಲಿ ಯಾಕೆ ಹೋಗುತ್ತೆ? ಬಹಳ ಜನ ಟ್ರೈಲರಿಗೆ ಒಂದೇ ವೈರು ಎಳೆದಿರುತ್ತಾರೆ. ಅರ್ತ್ ವಾಪಸ್ ಬರುವುದು ಕೊಕ್ಕೆ ಮತ್ತು ಪಿನ್ನಿನ ಮೂಲಕ. ಗ್ರೀಸು, ತುಕ್ಕು ತುಂಬಿದ ಆ ಪಿನ್ನು ಎಳೆಯುವಾಗ ಒತ್ತಿ ತಾಗುತ್ತೆ, ಇಳಿಜಾರಿನಲ್ಲಿ, ನಿಂತಾಗ ಸಡಿಲವಾಗಿ ಬಿಡುತ್ತೆ. ಅಂದರೆ ದೀಪ ಆರುವುದು ಗಾಡಿ ನಿಂತಾಗಲೇ! ಟ್ರೈಲರಿಗೆ ಬೇರೆಯೇ ಒಂದು ಅರ್ತ್ ವೈರು ಎಳೆದು ಎರಡು ಕಡೆ ಬೋಲ್ಟ್ ಮಾಡಿದರೆ ಈ ಗಂಡಾಂತರ ತಪ್ಪುತ್ತೆ. ಕಬ್ಬು ಕಡಿಯುವ ಸೀಸನ್ ಶುರುವಾಗುವ ಮುಂಚೆ ಎಲ್ಲ ಸದಸ್ಯರೂ ಇದನ್ನು ಮಾಡಿಸಲೇಬೇಕೆಂದು ನಿರ್ದೇಶಕರ ನೆಲೆಯಲ್ಲಿ ಒತ್ತಾಯ ಮಾಡುತ್ತೇವೆ.

ನಮ್ಮ ಸಂಘದ ಗೋದಾಮಿನಿಂದ ಹೋಗುವ ಗೊಬ್ಬರವೂ ವೈರಿಂಗಿಗೆ ಶತ್ರುವೇ. ಅಮೋನಿಯಾ ಅಂಶದ ಗೊಬ್ಬರದ ಪುಡಿ ತೇವಕ್ಕೆ ಕರಗಿ ತಾಮ್ರ, ಹಿತ್ತಾಳೆಯನ್ನು ತಿನ್ನುತ್ತೆ. ಹರಿದ ಚೀಲ ಹೇರಿದ ದಿನ ಸಾಕೆಟ್ಟು, ಟರ್ಮಿನಲ್ಲುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಹುಲ್ಲಿನ ಮೆದೆ ಪಕ್ಕ ನಿಲ್ಲಿಸಿದ ಗಾಡಿಗೆ ಇಲಿ ಕಾಟ ಇದ್ದದ್ದೇ. ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಅವಸರದ ರಿಪೇರಿ: ಹಲ್ಲಲ್ಲಿ ಸಿಪ್ಪೆ ಸುಲಿದು, ಎರಡು ವೈರು ಹೊಸೆದು, ಟೇಪು ಸುತ್ತುವುದು. ಬಿಸಿಲಿಗೆ ಟೇಪಿನ ಅಂಟು ಕರಗಿ, ಒಳಗೆ ನೀರು ಸೇರಿ, ಆರು ತಿಂಗಳಿಗೆ ಹೊಸ ಜ್ವರ ಹುಟ್ಟುತ್ತೆ. ತಾಮ್ರ ಹೊಳೆಯುವವರೆಗೆ ಉಪ್ಪುಕಾಗದದಲ್ಲಿ ಉಜ್ಜಿ, ಸರಿಯಾದ ಥಿಂಬಲ್ ಒತ್ತಿಸಿ, ಜೋಡಣೆ ಅದುರದ ಹಾಗೆ ಕಟ್ಟಬೇಕು. ತಗಡಿನ ತೂತಿನಲ್ಲಿ ವೈರು ಹಾಯುವ ಕಡೆ ರಬ್ಬರ್ ವಾಷರ್ ಇರಲೇಬೇಕು. ಬ್ಯಾಟರಿ ಕಂಬಕ್ಕೆ ಬಿಗಿ ಮಾಡಿದ ಮೇಲೆ ವ್ಯಾಸಲಿನ್ ಸವರಬೇಕು, ಮೊದಲಲ್ಲ.

ಇನ್ನೊಂದು ಎಚ್ಚರಿಕೆ. ಗಾಡಿ ನಿಂತ ಕೂಡಲೇ ಸಿಕ್ಕ ಸಿಕ್ಕ ಸಾಕೆಟ್ ಕಿತ್ತು ಹಾಕಿದರೆ, ಆ ಉಜ್ಜಾಟದಲ್ಲೇ ಕಿಲುಬು ಸರಿದು ಗಾಡಿ ಸ್ಟಾರ್ಟ್ ಆಗಿಬಿಡುತ್ತೆ. ಸರಿಯಾಯ್ತು ಅಂತ ಮನೆಗೆ ಬರುತ್ತೀರಿ. ಕಾಯಿಲೆ ಎಲ್ಲಿತ್ತು ಅಂತ ಗೊತ್ತಾಗಲಿಲ್ಲ, ವಾರಕ್ಕೆ ಮತ್ತೆ ಬರುತ್ತೆ. ಮುಟ್ಟುವ ಮೊದಲು ಯಾವಾಗ ನಿಂತಿತು, ಕಾದಾಗಲೋ, ಮಳೆಯಲ್ಲೋ, ಹಳ್ಳ ಹಾರಿದಾಗಲೋ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗಲೋ ಎಂದು ಡ್ರೈವರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದಿಡಿ. ನಾಲ್ಕು ಸಲ ಬರೆದರೆ ಕಾಯಿಲೆಯ ವಿಳಾಸ ಅದರಲ್ಲೇ ಇರುತ್ತೆ.

ಹೊಸ ಗಾಡಿಗೆ ಇದೆಲ್ಲ ಬೇಡ, ಸ್ಕ್ಯಾನರ್ ಹಾಕಿದರೆ ಅದೇ ಹೇಳುತ್ತೆ ಅನ್ನುವವರಿದ್ದಾರೆ. 2023ರ ಜನವರಿಯಿಂದ 50 ಅಶ್ವಶಕ್ತಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಟ್ರೆಮ್-4 ಹೊಗೆ ನಿಯಮ ಬಂದ ಮೇಲೆ ಅವುಗಳ ಇಂಜಿನ್ನಿಗೂ ಕಂಪ್ಯೂಟರು, ಸೆನ್ಸರುಗಳು ಬಂದಿವೆ. ಸ್ಕ್ಯಾನರ್ 'ಇಂಥ ಸೆನ್ಸರ್ ಸರಿ ಇಲ್ಲ' ಎಂದು ತೋರಿಸುತ್ತೆ. ಆ ಸೆನ್ಸರಿನ ಅರ್ತ್ ಬೋಲ್ಟಿಗೆ ತುಕ್ಕು ಹಿಡಿದಿದ್ದರೂ ತೋರಿಸುವುದು ಅದನ್ನೇ. ಸೆನ್ಸರಿನ ಬೆಲೆ ನಮ್ಮ ಹಳೇ ಸೆಲ್ಫಿನ ಬೆಲೆ ಅಲ್ಲ. ಅದಕ್ಕೆ ಆರ್ಡರ್ ಕೊಡುವ ಮೊದಲು ಸೀಸದ ಕಂಬಕ್ಕೂ ಕಬ್ಬಿಣಕ್ಕೂ ಮೀಟರ್ ಕಡ್ಡಿ ಒತ್ತಿ ನೋಡಿದರೆ ಕೈ ಸವೆಯುವುದಿಲ್ಲ.

ಸಂಘದಿಂದ ಒಂದು ಪೆಟ್ಟಿಗೆ ಮಾಡಿಡಬೇಕೆಂದು ಆಡಳಿತ ಮಂಡಳಿಯ ಮುಂದೆ ಪ್ರಸ್ತಾಪ ಇಟ್ಟಿದ್ದೇವೆ. ಒಂದು ಮೀಟರು, ಬೆಸೆದ ವೈರಿನ ಎರಡು 21 ವ್ಯಾಟ್ ಬಲ್ಬು, ಕ್ಲಿಪ್ಪು, ಥಿಂಬಲ್ ಒತ್ತುವ ಇಕ್ಕಳ, ನಾಲ್ಕು ಅಳತೆಯ ಥಿಂಬಲ್ಲು, ಒಂದು ಮಾರು ಅರ್ತ್ ಕೇಬಲ್ಲು, ಉಪ್ಪುಕಾಗದ. ಗೋದಾಮಿನಲ್ಲಿ ಗೊಬ್ಬರದಿಂದ ದೂರ, ಕಾರ್ಯದರ್ಶಿಗಳ ಮೇಜಿನ ಕೆಳಗೆ ಇರುತ್ತೆ. ಒಯ್ದವರು ಪುಸ್ತಕದಲ್ಲಿ ಸಹಿ ಮಾಡಿ ಒಯ್ಯಬೇಕು, ಮೂರನೇ ದಿನ ತಂದಿಡಬೇಕು. ಮೀಟರಿನೊಳಗಿನ 9 ವೋಲ್ಟಿನ ಸೆಲ್ಲನ್ನು ತೆಗೆದು ಭಜನೆ ಮನೆಯ ಮೈಕಿಗೆ ಹಾಕಬಾರದು.